ಉಗುರಿನ ಮೇಲೊಂದು ರಂಗೋಲಿ

ತಂಗಿಯ ಉಗುರುಗಳಿಗೆ ಇಂದು ಹೂವು ಬಿಡಿಸಿದೆ. ಉಪಕರಣ ಎಂದರೆ ಹೇರ್‌ಪಿನ್ನಿನ ಗುಂಡು ತುದಿ, ಒಂದು ಟೂತ್‌ಪಿಕ್. ಮೊದಲು ಬೇಸ್ ಕೋಟ್, ಅಂದರೆ ಬಣ್ಣದ ಕೆಳಗೆ ಬಳಿಯುವ ತಳಪದರ. ಅದಿಲ್ಲದಿದ್ದರೆ ಗಾಢ ಕೆಂಪು ಬಣ್ಣ ಉಗುರಿನಲ್ಲಿ ಹಳದಿ ಕಲೆ ಬಿಡುತ್ತದೆ. ಬಣ್ಣವನ್ನು ತೆಳುವಾಗಿ ಎರಡು ಸಲ ಬಳಿಯಬೇಕು. ದಪ್ಪಗೆ ಬಳಿದರೆ ಮೇಲೆ ಒಣಗಿ ಒಳಗೆ ಹಸಿಯೇ ಉಳಿಯುತ್ತದೆ. ಬಿಳಿ ಚುಕ್ಕಿ ಇಟ್ಟು, ಆರುವ ಮೊದಲೇ ಟೂತ್‌ಪಿಕ್‌ನಿಂದ ಒಳಕ್ಕೆ ಎಳೆದರೆ ಎಸಳು ಮೂಡುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಲದ ಕ್ಷಣ ಅದು! ಎಲ್ಲ ಪೂರ್ತಿ ಒಣಗಿದ ಮೇಲಷ್ಟೇ ಟಾಪ್ ಕೋಟ್, ಅಂದರೆ ಕೊನೆಯ ಮೇಲ್ಪದರ.

ಅಮ್ಮನ ಕಾಲದಲ್ಲಿ ಗೋರಂಟಿ ಸೊಪ್ಪು ಅರೆದು ಬೆರಳ ತುದಿಗೆ ಮೆತ್ತುತ್ತಿದ್ದರಂತೆ. ಆ ಕೆಂಪು ಉಗುರಿನ ಕೆರಾಟಿನ್ ಎಂಬ ಪ್ರೋಟೀನ್‌ಗೇ ಅಂಟುತ್ತದೆ, ಉಗುರುಬಣ್ಣ ಅಳಿಸುವ ರಿಮೂವರ್‌ಗೆ ಬಗ್ಗುವುದಿಲ್ಲ. ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುವ ಉಗುರೇ ಅದನ್ನು ಮುಂದೆ ತಳ್ಳಬೇಕು. ಮುಂದಿನ ಹಬ್ಬಕ್ಕೆ ಅಮ್ಮನ ಗೋರಂಟಿಯ ಮೇಲೆಯೇ ನನ್ನ ಎಸಳು ಬಿಡಿಸುತ್ತೇನೆ.