ಮಿರಜದ ಪಕ್ಕದ ಕುಪವಾಡಕ್ಕೆ ಹೋಗಿದ್ದೆ

ಮಿರಜಕ್ಕೆ ಹೋಗುವವರು ಸಿತಾರು, ತಂಬೂರಿ ಮಾಡುವ ಓಣಿ ನೋಡುತ್ತಾರೆ, ಇಲ್ಲವೇ ಮೀರಾಸಾಹೇಬ ದರ್ಗಾಕ್ಕೆ ಹೋಗುತ್ತಾರೆ. ನಾನು ಸ್ಟೇಷನ್‌ನಲ್ಲಿ ಇಳಿದವನೇ ಕುಪವಾಡಕ್ಕೆ ಹೋಗಬೇಕು ಎಂದಾಗ ಆಟೋದವನು ಕೇಳಿದ್ದು ಒಂದೇ ಪ್ರಶ್ನೆ: "ಯಾವ ಫ್ಯಾಕ್ಟರಿ?" ಅವನ ತಪ್ಪಲ್ಲ ಬಿಡಿ. ಕುಪವಾಡ ಅಂದರೆ ಈಗ ಎಲ್ಲರಿಗೂ ಕೈಗಾರಿಕಾ ಪ್ರದೇಶವೇ. 1998ರಲ್ಲಿ ಸಾಂಗಲಿ, ಮಿರಜ, ಕುಪವಾಡ ಮೂರೂ ಸೇರಿ ಒಂದೇ ಮಹಾನಗರ ಪಾಲಿಕೆ ಆದವು.

ಆದರೆ ಭಾಷೆಗಳ ಬಗ್ಗೆ ಓದುವವರಿಗೆ ಈ ಊರು ಬೇರೆಯೇ ಕಾರಣಕ್ಕೆ ಗೊತ್ತು. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ಇಬ್ಬರು ಭಾಷಾತಜ್ಞರು 1971ರಲ್ಲಿ ಇದರ ಮೇಲೆ ಒಂದು ಲೇಖನ ಪ್ರಕಟಿಸಿದರು. ಆಗ ಇದು ಸುಮಾರು 3,000 ಜನರ ಹಳ್ಳಿ. ಜೈನರು ಮತ್ತು ಲಿಂಗಾಯತರ ಮನೆಮಾತು ಕನ್ನಡ, ಮುಸ್ಲಿಮರದು ಉರ್ದು, ದಲಿತರದು ಮರಾಠಿ. ಸ್ವಲ್ಪ ತೆಲುಗಿನವರೂ ಇದ್ದರು. ನೂರಾರು ವರ್ಷ ಒಟ್ಟಿಗೇ ಬಾಳಿದರೂ ಯಾರೂ ತಮ್ಮ ಮನೆಮಾತು ಬಿಟ್ಟಿರಲಿಲ್ಲ. ಸೋಜಿಗ ಇರುವುದು ಇದರ ನಂತರ.

ಅವರು ಬರೆದುಕೊಂಡ ಒಂದು ವಾಕ್ಯ ನೋಡಿ. 'ಒಂದಿಷ್ಟು ಸೊಪ್ಪು ಕೊಯ್ದು ತಂದೆ' ಎನ್ನಲು ಉರ್ದುವಿನವರು "ಪಾಲಾ ಜರಾ ಕಾಟ್ ಕೆ ಲೇ ಕೆ ಆಯಾ" ಅಂದರು. ಮರಾಠಿಯವರು "ಪಾಲಾ ಜರಾ ಕಾಪೂನ ಘೇಊನ ಆಲೋ" ಅಂದರು. ಕನ್ನಡದವರದು "ತಪ್ಲಾ ಜರಾ ಖೊದಿ ತಗೊಂಡಿ ಬೈನ್". ಒಂದರ ಕೆಳಗೆ ಒಂದು ಬರೆದರೆ ತುಂಡು ತುಂಡಾಗಿ ಹೊಂದುತ್ತದೆ. ಪದಗಳು ಮಾತ್ರ ಬೇರೆ.

ಇದು ಸುಮ್ನೆ ಕಾಕತಾಳೀಯ ಅನ್ನಿಸಬಹುದು. ಕನ್ನಡ, ಮರಾಠಿ ಮೊದಲೇ ಹತ್ತಿರ ಅಲ್ವಾ? ಹಾಗಾದರೆ ಲಿಂಗದ ವಿಷಯ ತಗೊಳ್ಳಿ. ಮರಾಠಿಯಲ್ಲಿ ನದಿ ಸ್ತ್ರೀಲಿಂಗ. ಪುಣೆಯವರು 'ನದಿ ಬಂದಳು' ಎನ್ನುವ ಹಾಗೆ 'ಆಲೀ' ಅನ್ನುತ್ತಾರೆ. ಕುಪವಾಡದ ಮರಾಠಿಯಲ್ಲಿ ಅದು ನಮ್ಮ ಹಾಗೆ 'ಬಂತು' ಆಗಿಬಿಟ್ಟಿತ್ತು. ಗಂಡಸರಿಗೆ ಪುಲ್ಲಿಂಗ, ಹೆಂಗಸರಿಗೆ ಸ್ತ್ರೀಲಿಂಗ, ಉಳಿದದ್ದಕ್ಕೆಲ್ಲ ನಪುಂಸಕ. ಪೂರಾ ಕನ್ನಡದ ಲೆಕ್ಕ. ಕನ್ನಡವೂ ಬರೀ ಕೊಟ್ಟು ಕೂರಲಿಲ್ಲ, ಮರಾಠಿ ವಾಕ್ಯದ ಕೊನೆಗೆ ಬರುವ 'ಆಹೆ', ಉರ್ದುವಿನ 'ಹೈ' (ಎರಡೂ ನಮ್ಮ 'ಇದೆ'ಯೇ) ನೋಡಿ, ಬೇಕಿಲ್ಲದ ಕಡೆಯೂ ತಾನೊಂದು 'ಐತಿ' ಹಚ್ಚಿಕೊಂಡಿತು.

ಇದನ್ನು ಕಿವಿಯಾರೆ ಕೇಳಬೇಕು ಅಂತಲೇ ನಾನು ಹೋಗಿದ್ದು. ಹಳೇ ಊರಿಗೆ ಅಲ್ಲಿ ಗಾವಠಾಣ ಅನ್ನುತ್ತಾರೆ. ಅಲ್ಲೊಂದು ಮನೆ ಕಟ್ಟೆಯ ಮೇಲೆ ಅಜ್ಜಿಯೊಬ್ಬರು ಮೆಂತ್ಯದ ಸಿವುಡು ಬಿಚ್ಚಿ, ಹಳದಿ ಎಲೆ ಕಿತ್ತು ಬದಿಗಿಡುತ್ತಾ ಕೂತಿದ್ದರು. ಜೈನರ ಮನೆ. ಕನ್ನಡದಲ್ಲಿ ಮಾತಾಡಿಸಿದ್ದೇ ತಡ, "ಬರ್ರಿ, ಕುಂಡ್ರಿ" ಅಂದು ಜಾಗ ಮಾಡಿದರು. ನೀರು ತಂದ ಸೊಸೆ ಗೋಕಾಕ ಕಡೆಯವರು. "ನಿಮ್ಮೂರು ಯಾವುದ್ರಿ?" ಅಂತ ಸೊಸೆ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿಯೂ ಕೇಳಿದರು: "ನಿಮ್ ಊರ ಯಾದ ಐತಿ?" ಸೊಸೆ ಸೆರಗು ಬಾಯಿಗೆ ಹಿಡಿದು ನಕ್ಕರು. "ನಮ್ಮತ್ತಿ ಎಲ್ಲಾದಕ್ಕೂ ಐತಿ ಹಚ್ಚತಾರ ನೋಡ್ರಿ." ಅಜ್ಜಿ ಮೆಂತ್ಯದಿಂದ ತಲೆ ಎತ್ತಲಿಲ್ಲ. "ಇನ್ನೊಂದ ನಾಕ ವರ್ಷ ತಡಿ, ನೀನೂ ಹಚ್ಚತಿ" ಅಂದರು.

ಕಿರಾಣಿ ಅಂಗಡಿಯಲ್ಲಿ ಇನ್ನೊಂದು ಗಮನಿಸಿದೆ. ಅಂಗಡಿಯಾತ ಮುಸ್ಲಿಂ, ಮನೆಯಲ್ಲಿ ಉರ್ದು. ಗಿರಾಕಿ ಕನ್ನಡದ ರೈತ. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತದೆ, ಆದರೂ ವ್ಯಾಪಾರ ನಡೆದದ್ದು ಮರಾಠಿಯಲ್ಲಿ. ಗಂಪರ್ಜ್ ಕೊಟ್ಟ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ: ಇಲ್ಲಿ ಮನೆಮಾತು ಅಂದರೆ ಜಾತಿ, ಮತದ ಗುರುತು. ಅದನ್ನು ಬಜಾರಿಗೆ ತರುವುದಿಲ್ಲ. ಮರಾಠಿ ಯಾವ ದೊಡ್ಡ ಗುಂಪಿನ ಮನೆಮಾತೂ ಅಲ್ಲದ ಕಾರಣ ಎಲ್ಲರಿಗೂ ಸಲ್ಲುತ್ತದೆ. ಗುರುತು ಕಾಯಲು ಪದಗಳು ಸಾಕು, ಹಾಗಾಗಿ ಪದ ಉಳಿದವು. ಹೊಲದಲ್ಲಿ, ಸಂತೆಯಲ್ಲಿ ಗಳಿಗೆಗೊಮ್ಮೆ ಭಾಷೆ ಬದಲಿಸುವ ನಾಲಿಗೆಗೆ ಮೂರು ವ್ಯಾಕರಣ ಹೊರುವುದು ದಂಡ, ಹಾಗಾಗಿ ವ್ಯಾಕರಣ ಒಂದಾಯಿತು. ನಾವು ಊರಲ್ಲಿ ಇಂಗ್ಲಿಷ್ ಪದ ನುಗ್ಗಿತು ಅಂತ ಗಲಾಟೆ ಮಾಡುತ್ತೇವೆ. ವಾಕ್ಯದ ಬೆನ್ನೆಲುಬೇ ಬಾಗುತ್ತಿದ್ದರೆ ಒಬ್ಬರಿಗೂ ಗೊತ್ತಾಗುವುದಿಲ್ಲ.

ಪುಣೆಯ ಡೆಕ್ಕನ್ ಕಾಲೇಜಿನ ಸೋನಲ್ ಕುಲಕರ್ಣಿ-ಜೋಶಿ ನಲವತ್ತು ವರ್ಷದ ನಂತರ ಈ ಊರನ್ನು ಮತ್ತೆ ಅಧ್ಯಯನ ಮಾಡಿ, ಮೂರೂ ಭಾಷೆ ಅಷ್ಟು ಪಕ್ಕಾ ಒಂದೇ ಅಚ್ಚಿನಲ್ಲಿವೆಯೇ ಎಂದು ಪ್ರಶ್ನಿಸಿದರು. ಊರಿನ ಸ್ಥಿತಿಯೂ ಬದಲಾಗಿದೆ. 1960ರಿಂದ ಇದು ಮಹಾರಾಷ್ಟ್ರ. ಜತ್ತ, ಅಕ್ಕಲಕೋಟೆ ಕಡೆ ಈಗಲೂ ಕನ್ನಡ ಶಾಲೆಗಳಿವೆ. ಈ ಮನೆಯ ಮೊಮ್ಮಗ ಮಾತ್ರ ಮರಾಠಿ ಶಾಲೆಗೆ ಹೋಗುತ್ತಾನೆ. ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವನು ಮರಾಠಿಯಲ್ಲೇ ಉತ್ತರ ಕೊಟ್ಟ. ನೂರಾರು ವರ್ಷ ನಡೆದ ಕೊಡು-ಕೊಳ್ಳುವಿಕೆ ಬೇರೆ, ಇದು ಬೇರೆ. ಇಲ್ಲಿ ಒಂದೇ ಕಡೆಯಿಂದ ಬರುತ್ತಿದೆ.

ಹೊರಡುವಾಗ ಸೊಸೆ ಅವನನ್ನು ಕರೆದು, ಮಾಮಾಗೆ ಆಟೋ ಸಿಗುವ ಜಾಗ ತೋರಿಸು ಅಂದರು. ದಾರಿಯುದ್ದಕ್ಕೂ ಅವನು ಮರಾಠಿ, ನಾನು ಕನ್ನಡ. ಕ್ರಿಕೆಟ್ ಬಗ್ಗೆ ಮಾತಾಡಿದೆವು. ಆಟೋದವನು ಜಾಸ್ತಿ ಬಾಡಿಗೆ ಕೇಳಿದಾಗ ನನ್ನ ಪರವಾಗಿ ಜಗಳಕ್ಕೆ ನಿಂತವನೂ ಅವನೇ.