ಹಿನ್ನೀರಿನಡಿಯ ನಡುಗೋಡೆ

ಎಂದೋ ನೀರುಪಾಲಾದ ಗೋಡೆಯೊಂದಕ್ಕಾಗಿ ಈ ವಾರ ಜಗಳ ಹತ್ತಿದೆ. ಒಂದು ಕಡೆ ನಾನು, ಇನ್ನೊಂದು ಕಡೆ ನಮ್ಮ ಹಳೆಯ ಪಕ್ಕದ ಮನೆಯ ಹಿರಿಯ ಮಗ. ಅವರು ಈಗ ಬೆಳಗಾವಿಯಲ್ಲಿದ್ದಾರೆ, ನಾನು ಬಾಗಲಕೋಟೆಯ ನವನಗರದಲ್ಲಿದ್ದೇನೆ, ಗೋಡೆ ಆಲಮಟ್ಟಿ ಅಣೆಕಟ್ಟಿನಿಂದ ನಿಂತ ಘಟಪ್ರಭೆಯ ಹಿನ್ನೀರಿನಲ್ಲಿದೆ.

ಆನ್‌ಲೈನ್ ದಿನಚರಿಯಲ್ಲಿ ಮುಳುಗಿದ ನಮ್ಮ ಓಣಿಯ ಬಗ್ಗೆ ಉದ್ದವಾಗಿ ಬರೆದಿದ್ದೆ. ಎರಡು ಮನೆಗಳಿಗೆ ಒಂದೇ ನಡುಗೋಡೆ, ಅದರಲ್ಲೊಂದು ಕಿಂಡಿ, ಆ ಕಿಂಡಿಯಲ್ಲಿ ಆಚೀಚೆ ದಾಟುತ್ತಿದ್ದ ಪುಂಡಿಪಲ್ಯದ ಬಟ್ಟಲು, ಕಡ್ಡಿಪೆಟ್ಟಿಗೆ, ಹೇನಿನ ಹಣಿಗೆ ಎಲ್ಲವೂ ಅದರಲ್ಲಿತ್ತು. ಪರಿಹಾರದ ಸರ್ವೆಗೆ ಬಂದವರು ಆ ಗೋಡೆಯನ್ನು ಇಡಿಯಾಗಿ ಪಕ್ಕದ ಮನೆಯ ಅಳತೆಗೆ ಸೇರಿಸಿದರು, ಅಪ್ಪ ತುಟಿ ಬಿಚ್ಚದೆ ನಿಂತಿದ್ದರು ಎಂದೂ ಬರೆದಿದ್ದೆ.

ಅಣ್ಣನ ಮಗನಿಗೆ ಇದು ಹಿಡಿಸಲಿಲ್ಲ. ಹುಡುಗ ಬುದ್ಧಿವಂತ, ಆದರೆ ತಾಳ್ಮೆ ಸೊನ್ನೆ. "ಅತ್ತೆ, ಇಷ್ಟುದ್ದ ಯಾರು ಓದುತ್ತಾರೆ? ಮೂವತ್ತು ಸೆಕೆಂಡು ಸಾಕು" ಎಂದವನೇ, ಬೇಸಿಗೆಯಲ್ಲಿ ನೀರು ಇಳಿದಾಗ ತೆಗೆದ ಪಾಯದ ಕಲ್ಲುಗಳ ಚಿತ್ರಗಳನ್ನು ಜೋಡಿಸಿ, ಹಿಂದೆ ನಮ್ಮ ಹೋಳಿಯ ಹಲಗೆ ಸದ್ದು ಕೂಡಿಸಿ ರೀಲ್ ಹಾಕಿದ. ಸಂಜೆಯೊಳಗೆ ಹೃದಯಗಳು, ಮುಗಿದ ಕೈಗಳು ಬಂದು ಬಿದ್ದವು. ಒಬ್ಬರು 'ಸೂಪರ್' ಎಂದಿದ್ದರು. ಊರು ಮುಳುಗಿದ್ದಕ್ಕೆ ಸೂಪರ್. ಇನ್ನೊಬ್ಬರು 'ಲೊಕೇಶನ್ ಕಳಿಸಿ' ಎಂದಿದ್ದರು.

ನನ್ನ ಉದ್ದದ ಬರಹಕ್ಕೆ ಬಂದದ್ದು ಒಂದೇ ಉತ್ತರ. "ತಂಗಿ, ಬರೆದದ್ದು ಚೆನ್ನಾಗಿದೆ. ಗೋಡೆಯ ವಿಷಯ ಮಾತ್ರ ಸುಳ್ಳು. ನಿಮ್ಮ ತಂದೆಯವರೇ ನಿಂತು ಅದನ್ನು ನಮ್ಮ ಕಡೆ ಬರೆಸಿದರು. ಯಾಕೆಂದು ನಿಮಗೆ ಗೊತ್ತಿಲ್ಲವೇ?"

ಗೊತ್ತಿಲ್ಲವೇ ಎಂದು ಕೇಳಿ ಅಷ್ಟಕ್ಕೇ ನಿಲ್ಲಿಸುವುದು ಎಂಥ ಸಭ್ಯತೆ? ರೊಟ್ಟಿ ಬಡಿಯುವಾಗಲೂ ಅದೇ ಮಾತು, ಬಸ್ಸಿನಲ್ಲೂ ಅದೇ ಮಾತು ತಲೆಯಲ್ಲಿ ಸುತ್ತಿತು. ಯಾಕೆಂದು ನಿಮಗೆ ಗೊತ್ತಿಲ್ಲವೇ? ಆ ಮನೆಯವರೆಲ್ಲರೂ ಹೀಗೆಯೇ, ಅರ್ಧ ಹೇಳಿ ಅರ್ಧ ನುಂಗುವವರು. ನಾನೂ ಬಿಡಲಿಲ್ಲ; ಗೊತ್ತಿಲ್ಲ, ಹೇಳಿ ಎಂದು ಬರೆದೆ. ಮರುದಿನ ನನ್ನ ಬರಹಕ್ಕಿಂತ ಉದ್ದದ ಉತ್ತರ ಬಂತು. ಅವರದು ಎಷ್ಟು ಅಂಕಣದ ಮನೆ, ಎತ್ತು ಎಲ್ಲಿ ಕಟ್ಟುತ್ತಿದ್ದರು, ಆ ವರ್ಷ ತಂಗಿಯ ಮದುವೆ ಹೇಗೆ ಗೊತ್ತಾಯಿತು, ಕೈಯಲ್ಲಿ ದುಡ್ಡಿಲ್ಲದೆ ಅವರಪ್ಪ ಕಟ್ಟೆಯ ಮೇಲೆ ಹೇಗೆ ಕೂತಿದ್ದರು, ನಮ್ಮಪ್ಪ 'ಗೋಡೆ ನಿಮ್ಮದೇ ಎಂದು ಬರೆಸಿಬಿಡಿ, ನಾಲ್ಕು ಕಾಸು ಹೆಚ್ಚಿಗೆ ಬಂದೀತು' ಎಂದು ಹೇಗೆ ಹೇಳಿದರು ಎಂಬುದೆಲ್ಲ ಅದರಲ್ಲಿತ್ತು. ಮೊದಲ ಉತ್ತರದ 'ನೀವು' ಹೋಗಿ ಇದರಲ್ಲಿ 'ನೀನು' ಬಂದಿತ್ತು. ಸಿಟ್ಟಿಗೋ ಸಲಿಗೆಗೋ ತಿಳಿಯಲಿಲ್ಲ.

ನನಗೆ ನಂಬಿಕೆ ಬಂದಿಲ್ಲ. ಸಂತೆಯಲ್ಲಿ ಜೋಳ ಕೊಂಡರೆ ಮೇಲೊಂದು ಹಿಡಿ ಹಾಕಿಸಿಕೊಳ್ಳದೆ ಚೀಲದ ಬಾಯಿ ಕಟ್ಟದ ನಮ್ಮಪ್ಪ, ಗೋಡೆ ಬಿಟ್ಟುಕೊಟ್ಟರೇ? ಅವರು ಅಂಥವರಾಗಿರಲಿಲ್ಲ, ಪುರಾವೆ ಕೊಡಿ ಎಂದು ಬರೆದಿದ್ದೇನೆ. ಪರಿಹಾರದ ಕಾಗದ ಇಳಕಲ್ಲಿನಲ್ಲಿರುವ ತಮ್ಮನ ಮನೆಯಲ್ಲಿದೆ, ಹುಡುಕಿಸುತ್ತೇನೆ ಎಂದಿದ್ದಾರೆ. ನೋಡೋಣ.

ಆದರೆ ಈ ಜಗಳ ಆ ರೀಲ್‌ನಿಂದ ಹುಟ್ಟುತ್ತಿರಲಿಲ್ಲ. ಅದರಲ್ಲಿ ತಪ್ಪೆನ್ನಲು ಏನಿತ್ತು? ಕಲ್ಲು, ನೀರು, ಹಲಗೆ. ಯಾರ ಗೋಡೆ ಎಂದು ಹೇಳಿದರೆ ತಾನೇ ಅಲ್ಲ ಎನ್ನಲು ಒಬ್ಬರು ಎದ್ದು ಬರುವುದು? 2009ರಲ್ಲಿ ಫೇಸ್‌ಬುಕ್ ಮೆಚ್ಚುಗೆಯ ಗುಂಡಿ ತಂದ ಮೇಲೆ ಒಪ್ಪುವುದಕ್ಕೆ ಬಾಯಿ ತೆರೆಯುವ ಕೆಲಸವೂ ತಪ್ಪಿತು. 2006ರಲ್ಲಿ ಶುರುವಾದ ಟ್ವಿಟರ್‌ನಲ್ಲಿ ಮೊದಲ ವರ್ಷಗಳಲ್ಲಿ 140 ಅಕ್ಷರದ ಮಿತಿ ಇದ್ದದ್ದು ಯಾವ ದೊಡ್ಡ ತತ್ವಕ್ಕೂ ಅಲ್ಲ. ಮೊಬೈಲ್ ಸಂದೇಶದಲ್ಲಿ ಹಿಡಿಸುತ್ತಿದ್ದದ್ದು 160, ಅದರಲ್ಲಿ ಬಳಕೆದಾರರ ಹೆಸರಿಗೆಂದು 20 ತೆಗೆದಿಟ್ಟರು, ಅಷ್ಟೆ. ಮೊಬೈಲಿನ ಇಕ್ಕಟ್ಟನ್ನು ನಾವು ಮಾತಿನ ಜಾಣತನವೆಂದು ತಲೆಯ ಮೇಲೆ ಹೊತ್ತು ತಿರುಗಿದೆವು.

ನಮ್ಮ ಶಾಲೆಯ ವಾಟ್ಸ್ಆ್ಯಪ್ ಗುಂಪನ್ನೇ ನೋಡಿ. ಆಲಮಟ್ಟಿಯಲ್ಲಿ ನೀರು ನಿಲ್ಲಿಸುವ ಮಟ್ಟವನ್ನು 519.60 ಮೀಟರ್‌ನಿಂದ 524.256ಕ್ಕೆ ಏರಿಸುವ ಮಾತು ಬಂದಾಗಲೆಲ್ಲ ಒಬ್ಬರು 'ಆಗಲೇಬೇಕು' ಎನ್ನುತ್ತಾರೆ, ಒಬ್ಬರು 'ಆಗಕೂಡದು' ಎನ್ನುತ್ತಾರೆ. ಕತ್ತಲಾಗುವುದರೊಳಗೆ ಒಬ್ಬರು ಗುಂಪು ಬಿಟ್ಟು ಹೋಗಿರುತ್ತಾರೆ, ಬೆಳಿಗ್ಗೆ ಎಂದಿನಂತೆ ಶುಭೋದಯದ ಗುಲಾಬಿ. ನಿನ್ನ ಹೊಲ ಯಾವ ಮಟ್ಟದಲ್ಲಿದೆ, ಹೋದರೆ ಎಲ್ಲಿಗೆ ಹೋಗುತ್ತೀ ಎಂದು ಒಬ್ಬರೂ ಒಬ್ಬರನ್ನು ಕೇಳಿದ್ದು ನಾನು ಕಂಡಿಲ್ಲ. ಇಲ್ಲಿರುವವರಲ್ಲಿ ಅರ್ಧ ಜನ ಒಮ್ಮೆ ಮುಳುಗಿ ಬಂದವರು!

ಚಿಕ್ಕದ್ದೆಲ್ಲ ಕೆಟ್ಟದ್ದು ಎನ್ನುವುದಿಲ್ಲ. 2019ರ ಆಗಸ್ಟ್ ಪ್ರವಾಹದಲ್ಲಿ 'ನೀರು ಬರುತ್ತಿದೆ, ಮನೆ ಬಿಡಿ' ಎನ್ನಲು ಯಾರೂ ಪ್ರಬಂಧ ಬರೆಯಬೇಕಿರಲಿಲ್ಲ. ಹಾಗೆಂದು ಉದ್ದ ಬರೆದವರೆಲ್ಲ ಕಿವಿ ತೆರೆದು ಕೂತಿರುತ್ತಾರೆಂದೂ ಇಲ್ಲ. ಬರೆದದ್ದನ್ನು ತಾವೇ ಮತ್ತೆ ಮತ್ತೆ ಓದಿ ಖುಷಿಪಡುವವರನ್ನು ಬಲ್ಲೆ. ನನಗೆ ಬೇಕಾದದ್ದು ಸುಳ್ಳು ಎನ್ನುವಷ್ಟು ಹತ್ತಿರ ಬಂದು ಓದುವ ಒಬ್ಬರು. ಸ್ಟೇಟಸ್ 24 ಗಂಟೆಗೆ ಅಳಿಸಿಹೋಗುತ್ತದೆ. ಈ ಮನುಷ್ಯ ಇಷ್ಟು ವರ್ಷ ಗೋಡೆಯ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದರು, ಯಾರೂ ತೆಗೆಯಲಿಲ್ಲವೆಂದು ಸುಮ್ಮನಿದ್ದರು.

ನಿನ್ನೆ ರಾತ್ರಿ ಅವ್ವನಿಗೆ ಎರಡೂ ಉತ್ತರಗಳನ್ನು ಓದಿ ಹೇಳಿದೆ. ಅಪ್ಪ ಹೌದೆಂದಿದ್ದರೋ ಇಲ್ಲವೋ ಎಂಬುದಕ್ಕೆ ಅವಳು ಉತ್ತರ ಕೊಡಲಿಲ್ಲ. "ಮದುವೆ ಎಂದನಲ್ಲ, ಆ ಮದುವೆಗೇ ನಮ್ಮ ದೊಡ್ಡ ತಾಮ್ರದ ಹಂಡೆ ಒಯ್ದಿದ್ದರು. ತಿರುಗಿ ಕೊಟ್ಟಿಲ್ಲ. ಅದನ್ನೂ ಬರೆ" ಎಂದಳು.

ಬರೆದು ಕಳಿಸಿದ್ದೇನೆ.