ಐತಿ ಮತ್ತು ಅದ

ಎಂ.ಎ. ಎರಡನೇ ವರ್ಷ ನಮಗೆ ಆಧುನಿಕ ಕಾದಂಬರಿಯ ಪೇಪರ್ ಇತ್ತು. ಸೆಮಿನಾರಿಗೆ ಯಾರಿಗೆ ಯಾವ ಪುಸ್ತಕ ಅಂತ ಸರ್ ಚೀಟಿ ಎತ್ತಿಸಿದರು. ನನಗೆ ಬಂದದ್ದು ಶಂಕರ ಮೊಕಾಶಿ ಪುಣೇಕರರ 'ಗಂಗವ್ವ ಗಂಗಾಮಾಯಿ'. 1956ರ ಕಾದಂಬರಿ. ಕಥೆ ನಡೆಯೋದು ಧಾರವಾಡದಲ್ಲೇ, ಜನ ಮಾತಾಡೋದು ಧಾರವಾಡದ ಕನ್ನಡವನ್ನೇ. ನಾನು ಗದಗ ಜಿಲ್ಲೆ ರೋಣದ ಕಡೆಯವಳು. "ನಿನ್ನ ನಸೀಬ ಚಲೋ ಐತಿ ಬಿಡ, ನಿಮ್ಮನಿ ಮಾತಿನ ಪುಸ್ತಕನ ಬಂತು" ಅಂದಳು ಪಕ್ಕದವಳು. ಅವಳಿಗೆ 'ಕುಸುಮಬಾಲೆ' ಬಂದಿತ್ತು, ಪಾಪ.

ಎರಡು ರಾತ್ರಿಯಲ್ಲಿ ಓದಿ ಮುಗಿಸಿದೆ. ಒಂದು ಕಡೆ ಗಂಗವ್ವ ಮತ್ತು ಮಗ ಕಿಟ್ಟಿ, ಇನ್ನೊಂದು ಕಡೆ ರಾಘಪ್ಪ. ಒಳಗೊಳಗೇ ಬೇಯುವ ಸಂಬಂಧಿಕರ ಹಗೆ. ಇಂಥಾದ್ದು ನಮ್ಮ ಓಣಿಯಲ್ಲೂ ಎರಡು ಮನೆ ಇವೆ. ಎಲ್ಲೂ ತಡೆದು ನಿಲ್ಲಲಿಲ್ಲ, ಒಂದು ಪದಕ್ಕೂ ನಿಘಂಟು ತೆಗೆಯಲಿಲ್ಲ. ಸೆಮಿನಾರಿನ ದಿನ ಎದ್ದು ನಿಂತು ಇಪ್ಪತ್ತು ನಿಮಿಷ ಕಥೆ ಹೇಳಿದೆ. ರಾಘಪ್ಪನ ಕಿತಾಪತಿಯನ್ನು ಕೈ ಬಾಯಿ ತಿರುಗಿಸಿ ಹೇಳಿದ್ದಕ್ಕೆ ಕ್ಲಾಸೆಲ್ಲ ನಕ್ಕಿತು. ನನಗೂ ಖುಷಿ.

ಸರ್ ಮಾತ್ರ ನಗಲಿಲ್ಲ. "ಕಥಿ ಆತು. ಕಾದಂಬರಿ ಎಲ್ಲೈತಿ?" ಅಂದರು. ಮುಂದಿನ ವಾರ ಮತ್ತೆ ಮಾಡು ಅಂತ ಕೂರಿಸಿದರು.

ಆ ವಾರ ನಾನು ಏನೂ ಬರೆಯಲಿಲ್ಲ. ಬರೆಯೋಕೆ ಏನೂ ಸಿಗಲಿಲ್ಲ ಅನ್ನೋದೇ ಸರಿ. ಪರೀಕ್ಷೆಗೆ ಇದ್ದ ಬೇರೆ ಪುಸ್ತಕಗಳ ಬಗ್ಗೆ ಕೇಳಿದ್ದರೆ ನಾಲ್ಕು ಪುಟ ಸಲೀಸಾಗಿ ಬರೀತಿದ್ದೆ. 1965ರ 'ಸಂಸ್ಕಾರ' ತಗೊಳ್ಳಿ. ನಾರಣಪ್ಪನ ಹೆಣ ಅಗ್ರಹಾರದಲ್ಲಿ ಬಿದ್ದಿದೆ, ಸುಡೋರು ಯಾರು ಅಂತ ಯಾರಿಗೂ ತಿಳೀತಿಲ್ಲ. ಇದರ ಬಗ್ಗೆ ಬರೆಯೋಕೆ ಎಷ್ಟೊಂದಿದೆ. 'ಮಲೆಗಳಲ್ಲಿ ಮದುಮಗಳು' ಅಂತೂ ಮಳೆ, ಕಾಡು, ರಕ್ತ ಹೀರೋ ಇಂಬಳ ಎಲ್ಲ ನನಗೆ ಹೊಸದು. ರೋಣದ ಎರಿ ಹೊಲದವಳಿಗೆ ಇಂಬಳ ಅಂದರೆ ಏನು ಅಂತ ಹೇಗೆ ಗೊತ್ತಾಗಬೇಕು? ಊರಿಗೆ ಹೋಗೋಕೆ ಹುಬ್ಬಳ್ಳಿಗೆ ಹೊರಟಿದ್ದೆ, ಧಾರವಾಡ-ಹುಬ್ಬಳ್ಳಿ ನಡುವೆ ಓಡೋ ಚಿಗರಿ ಬಸ್ಸಿನಲ್ಲಿ ಅದನ್ನು ಓದ್ತಾ ಕೂತಿದ್ದೆ. ಗುತ್ತಿಯ ನಾಯಿ, 'ಹುಲಿಯ' ಅಂತ ಅದರ ಹೆಸರು, ತುಂಗಾ ಹೊಳೆಯಲ್ಲಿ ಕೊಚ್ಚಿಹೋಗೋ ಭಾಗ ಬಂತು. ನವನಗರ ದಾಟುವಷ್ಟರಲ್ಲಿ ಅತ್ತುಬಿಟ್ಟಿದ್ದೆ. ಎದುರಿಗೆ ಕೂತಿದ್ದ ಅಜ್ಜಿ "ಯಾಕವಾ, ಮನ್ಯಾಗ ಏನರ ಆಗೇತೇನ?" ಅಂತ ಕೇಳಿದರು. ನಾಯಿ ಸತ್ತಿತು ಅಂದೆ. ಸುಳ್ಳೇನಲ್ಲ. ಆಮೇಲೆ ಆ ಪುಸ್ತಕ ತೆರೆಯಲೇ ಇಲ್ಲ, ಕೊನೆಯ ಭಾಗ ಇವತ್ತಿಗೂ ಉಳಿದಿದೆ.

ನಾನಿದ್ದದ್ದು ಧಾರವಾಡದ ಸಪ್ತಾಪುರದ ಒಂದು ಪಿಜಿಯಲ್ಲಿ. ಆ ಏರಿಯಾ ಗೊತ್ತಿದ್ದವರಿಗೆ ಗೊತ್ತು, ಬೀದಿ ತುಂಬ ಕೋಚಿಂಗ್ ಸೆಂಟರು, ಝೆರಾಕ್ಸ್ ಅಂಗಡಿ, ಪಿಜಿ. ನನ್ನ ರೂಮಿನವಳು ನಂಜನಗೂಡಿನ ಕಡೆಯವಳು, ಪಿಎಸ್ಐ ಪರೀಕ್ಷೆಗೆ ಓದೋಕೆ ಅಷ್ಟು ದೂರದಿಂದ ಬಂದಿದ್ದಳು. ನಾನು ಕಾದಂಬರಿ ಹಿಡಿದು ಮಲಗಿದಾಗೆಲ್ಲ "ನಿಂದೇ ಚೆಂದ ಕನಮ್ಮಿ, ಕತೆ ಓದೋದೇ ಪರೀಕ್ಷೆ" ಅಂತಿದ್ದಳು.

ಒಂದು ರಾತ್ರಿ ಕುಸುಮಬಾಲೆ ಹಿಡಿದು ಒದ್ದಾಡ್ತಿದ್ದೆ. ದೇವನೂರ ಮಹಾದೇವ ಅದನ್ನು ಬರೆದದ್ದು ನಂಜನಗೂಡಿನ ಕಡೆಯ ಮಾತಿನಲ್ಲಿ. ಇದನ್ನು ಮೊದಲು ಕನ್ನಡಕ್ಕೆ ಅನುವಾದ ಮಾಡಬೇಕು ಅಂತ ಒಂದು ಹಳೆಯ ಜೋಕೇ ಇದೆ. ಮೊದಲ ಪುಟ ಮೂರು ಸಲ ಓದಿದರೂ ವಾಕ್ಯ ಎಲ್ಲಿ ಶುರು, ಎಲ್ಲಿ ಮುಗೀತು ಅಂತ ತಿಳಿಯಲಿಲ್ಲ. ಪುಸ್ತಕ ಅವಳ ಕೈಗೆ ಕೊಟ್ಟೆ. ಅವಳು ಸುಮ್ನೆ ಜೋರಾಗಿ ಓದೋಕೆ ಶುರು ಮಾಡಿದಳು. ಆಶ್ಚರ್ಯ ಅಂದರೆ ನನಗೆ ತಿಳಿಯತೊಡಗಿತು. ಕಣ್ಣಿಗೆ ಸಿಗದಿದ್ದ ಪೂರ್ಣವಿರಾಮಗಳೆಲ್ಲ ಅವಳ ಉಸಿರಿನಲ್ಲಿದ್ದವು. ಮೂರು ರಾತ್ರಿ ಓದಿದಳು. ದೀಪದ ಜೋತಮ್ಮಗಳು ಮಾತಾಡೋ ಕಡೆ ನಕ್ಕಳು. ಚೆನ್ನನ ಕೊಲೆಯ ವಿಷಯ ಬಂದಾಗ ಓದೋದು ನಿಲ್ಲಿಸಿ ನೀರು ಕುಡಿದು ಬಂದಳು.

"ಎಲ್ಲ ನಿಮ್ಮನೆ ಮಾತೇ ಅಲ್ವಾ?" ಅಂತ ಕೇಳಿದೆ.

"ಮಾತು ನಮ್ಮೂರ್ದೆ ಕನಮ್ಮಿ. ನಮ್ ಬೀದಿದಲ್ಲ" ಅಂದಳು. "ಆ ಕಡೆ ಬೀದಿಯೋರು ಆಡ್ತಿದ್ರು. ನಾವು ಕೇಳ್ಕಂಡೇ ಬೆಳ್ದಿದ್ದು. ಅವ್ರ ಮನೆ ಒಳಿಕ್ಕೆ ಒಂದ್ ದಿನಾನೂ ಹೋಗಿಲ್ಲ."

ನನಗೆ ಅವಳ ಮೇಲೆ ಸ್ವಲ್ಪ ಸಿಟ್ಟು ಬಂತು. ಎಷ್ಟು ಸಲೀಸಾಗಿ ಹೇಳ್ತಾಳಲ್ಲ ಅಂತ. ನಾನೇನು ಅಂಥವಳಲ್ಲ ಅಂತಲೂ ಅಂದುಕೊಂಡೆ. ಆ ಹೆಮ್ಮೆ ಮರುದಿನ ಸಂಜೆವರೆಗೂ ಇತ್ತು.

ಮರುದಿನ ಅವಳು ನನ್ನ ಗಂಗವ್ವನನ್ನು ಎತ್ತಿಕೊಂಡಳು. ಈಗ ನಿನ್ನ ಸರದಿ, ತಿಳಿಸಿ ಹೇಳು ಅಂದಳು. ಎರಡು ಪುಟ ಓದಿ ತಲೆ ಎತ್ತಿದಳು.

"ನೀನು ಐತಿ ಐತಿ ಅಂತೀಯ. ಇವ್ರೆಲ್ಲ ಅದ ಅಂತಾರಲ್ಲ? ನಮ್ ಕಡೆನೂ ಅದ ಅಂತಲೇ ಅನ್ನೋದು!" ಅವಳಿಗೆ ಖುಷಿಯೋ ಖುಷಿ.

ನಾನು ಪುಸ್ತಕ ಕಸಿದುಕೊಂಡು ನೋಡಿದೆ. ಹೌದು. ನಮ್ಮನೆಯಲ್ಲಿ 'ಐತಿ'. 'ಅದ' ಅನ್ನೋದು ಧಾರವಾಡದ ಬ್ರಾಹ್ಮಣರ ಮನೆಗಳಲ್ಲಿ. ಇದು ನನಗೆ ಗೊತ್ತಿಲ್ಲದ ಸಂಗತಿಯೇ? ನಮ್ಮ ಊರಿನ ಕುಲಕರ್ಣಿಯವರ ಮನೆಯ ಕಟ್ಟೆ ಮೇಲೆ ಕೂತು ಅವರ ಮಾತನ್ನು ಅಣಕಿಸಿ ನಕ್ಕವಳು ನಾನು. ಆದರೂ ಓದುವಾಗ ನನ್ನ ಕಿವಿ 'ಅದ'ವನ್ನೆಲ್ಲ 'ಐತಿ' ಮಾಡಿಕೊಂಡು ಓಡಿತ್ತು. ಪುಸ್ತಕ ನಮ್ಮ ಓಣಿಯದು ಅನ್ನಿಸಿದ್ದು ಅದಕ್ಕೇ. ಮುಂದೆ ಅವಳು ಒಂದು ಮಾತಿನ ಅರ್ಥ ಕೇಳಿದಳು. ಯಾವ ಮಾತು ಅಂತ ಈಗ ನೆನಪಿಲ್ಲ, ಮಡಿಗೆ ಸಂಬಂಧಪಟ್ಟದ್ದು. ನನಗೆ ಬರಲಿಲ್ಲ.

"ನಿಮ್ ಕಡೆದಲ್ವಾ?"

"ನಮ್ಮ ಕಡೆದ. ನಮ್ಮನಿದಲ್ಲ" ಅಂದೆ. ಅಂದ ಮೇಲೆ ಇಬ್ಬರೂ ಸುಮ್ಮನಾದೆವು. ಅವಳು ಯಾವುದೋ ಮನೆಯೊಳಗೆ ಹೋಗದೇ ಬೆಳೆದವಳು. ನಾನು ಯಾವುದೋ ಮನೆಯಲ್ಲಿ ಕಟ್ಟೆಯ ತನಕ ಮಾತ್ರ ಹೋದವಳು. ಎರಡೂ ಒಂದೇ ಅಲ್ಲ, ಅಷ್ಟು ನನಗೂ ಗೊತ್ತು. ಗಂಗವ್ವನಂಥವರ ಮನೆಯ ಅಡುಗೆಮನೆಯನ್ನು ನಾನು ಮೊದಲ ಸಲ ಒಳಗಿನಿಂದ ನೋಡಿದ್ದು ಈ ಪುಸ್ತಕದಲ್ಲಿ. ನೋಡಿದ್ದು ಗೊತ್ತಾಗಿರಲಿಲ್ಲ, ಅಷ್ಟೇ.

ಭಾನುವಾರ ಇಬ್ಬರೂ ಧಾರವಾಡದ ಹಳೆಯ ಬಡಾವಣೆ ಮಾಳಮಡ್ಡಿಯಲ್ಲಿ ಸುಮ್ನೆ ಅಡ್ಡಾಡಿ ಬಂದೆವು. ಹಳೆಯ ಹೆಂಚಿನ ಮನೆಗಳು ಅಲ್ಲೊಂದು ಇಲ್ಲೊಂದು ಉಳಿದಿವೆ. ಒಂದು ಮನೆ ತೋರಿಸಿ ಇದು ರಾಘಪ್ಪಂದೇ ಇರ್ಬೇಕು ಅಂದಳು ಅವಳು. ಒಳಗಿಂದ ಯಾರೋ ಗದರಿದರು, ಓಡಿದೆವು.

ಎರಡನೇ ಸೆಮಿನಾರಿನಲ್ಲಿ ಕಥೆ ಹೇಳಲಿಲ್ಲ. ನಾನು ಹೇಗೆ ತಪ್ಪಾಗಿ ಓದಿದೆ ಅಂತ ಹೇಳಿದೆ. ಹತ್ತು ನಿಮಿಷವೂ ಆಗಲಿಲ್ಲ, ಯಾರೂ ನಗಲಿಲ್ಲ. ಸರ್ ಕನ್ನಡಕ ತೆಗೆದು, "ಹಂಗಾರ ನಿಮ್ಮನಿ ಐತಿ ಯಾವ ಕಾದಂಬರಿಯೊಳಗ ಐತಿ?" ಅಂದರು. ಎರಡು ಹೆಸರು ಹೇಳೋಕೆ ಹೋಗಿ, ಪೂರ್ತಿ ಓದಿಲ್ಲ ಅಂತ ನೆನಪಾಗಿ ಬಾಯಿ ಮುಚ್ಚಿದೆ. ಮಾರ್ಕ್ಸು ಅಂಥಾ ಜಾಸ್ತಿಯೇನೂ ಬರಲಿಲ್ಲ.

ಕೋರ್ಸ್ ಮುಗಿದು ರೂಮಿನವಳು ಊರಿಗೆ ಹೊರಟಾಗ ನನ್ನ ಮದುಮಗಳನ್ನು ಬ್ಯಾಗಿಗೆ ತುಂಬಿಕೊಂಡಳು. ಪರೀಕ್ಷೆಗೆ ಓದಬೇಕಾದವಳು ಈಗ ಅದನ್ನು ಓದ್ತಿದ್ದಾಳಂತೆ. ಮೊನ್ನೆ ರಾತ್ರಿ ಫೋನ್ ಮಾಡಿದ್ದಳು.

"ನನ್ನ ಪುಸ್ತಕ ಎಲ್ಲೈತಿ?" ಅಂದೆ.

"ಇಲ್ಲೇ ಅದ ಕನಮ್ಮಿ. ಅದಿರ್ಲಿ, ಆ ಗುತ್ತಿ ನಾಯಿಗೆ ಏನೂ ಆಗಲ್ಲ ತಾನೇ?"

"ನೀನ ಓದ" ಅಂದೆ.